ಕೆರೂರು ವಾಸುದೇವಾಚಾರ್ಯ: ತನ್ನ ಓದನ್ನು ಊರಿಗೆಲ್ಲ ಹಂಚಿದ ವಕೀಲ

ಕಾದಂಬರಿ ಓದುವುದೂ ಒಂದು ರಾಜಕೀಯ ಅಂತ ಹೇಳಿದರೆ ನಮ್ಮ ಗೆಳೆಯರ ಬಳಗದಲ್ಲಿ ಬಹಳ ಜನ ನಗುತ್ತಾರೆ. ರಾಜಕೀಯ ತಿಳಿಯಬೇಕು ಅಂದ್ರೆ ವರದಿ ಓದಬೇಕು, ಅಂಕಿಅಂಶ ನೋಡಬೇಕು, ಅಂಬೇಡ್ಕರ್, ಲೋಹಿಯಾ ಓದಬೇಕು. ಕಥೆ, ಕಾದಂಬರಿ ಏನಿದ್ದರೂ ರಜೆಯ ಬಾಬತ್ತು ಅನ್ನೋ ಲೆಕ್ಕ. ಈ ಲೆಕ್ಕ ಸರಿಯಿಲ್ಲ ಅಂತ ನಾನು ವಾದ ಮಾಡೋದು ನಮ್ಮದೇ ಜಿಲ್ಲೆಯ ಒಬ್ಬ ವಕೀಲರನ್ನು ಮುಂದಿಟ್ಟುಕೊಂಡು. ಹೆಸರು ಕೆರೂರು ವಾಸುದೇವಾಚಾರ್ಯ. ಹುಟ್ಟಿದ್ದು 1866ರಲ್ಲಿ, ತೀರಿಕೊಂಡದ್ದು 1921ರಲ್ಲಿ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಒಂದು ಖಾಯಂ ಜಾಗ ಇದೆ: ಕನ್ನಡದ ಮೊದಲ ಕಾದಂಬರಿಕಾರರಲ್ಲಿ ಒಬ್ಬರು, ಸಣ್ಣಕಥೆಗೆ ದಾರಿ ಮಾಡಿದವರಲ್ಲಿ ಒಬ್ಬರು, ಶೇಕ್ಸ್‌ಪಿಯರ್‌ನನ್ನು ಕನ್ನಡ ರಂಗಭೂಮಿಗೆ ತಂದವರಲ್ಲಿ ಒಬ್ಬರು. ಪರೀಕ್ಷೆಗೆ ಇಷ್ಟು ಸಾಕು. ನನಗೆ ಮುಖ್ಯ ಅನ್ನಿಸೋದು ಬೇರೆ. ಅವರು ಎಲ್ಲಕ್ಕಿಂತ ಮೊದಲು ಒಬ್ಬ ಓದುಗ. ಓದಿ ಇಷ್ಟಪಟ್ಟದ್ದನ್ನು ತನ್ನ ಕಪಾಟಿನಲ್ಲೇ ಇಟ್ಟುಕೊಳ್ಳಲು ಮನಸ್ಸಾಗದ ಓದುಗ.

ಬರದ ಜಿಲ್ಲೆಯ ಹುಡುಗ

ಹೆಸರಿನಲ್ಲಿರುವ ಕೆರೂರು ಬಾದಾಮಿ ತಾಲೂಕಿನ ಊರು. ಬದುಕು ನಡೆದದ್ದು ಬಾಗಲಕೋಟೆಯಲ್ಲಿ. ಆಗ ಬಾಗಲಕೋಟೆಯಾಗಲಿ, ಬಾದಾಮಿಯಾಗಲಿ, ಹುನಗುಂದ ತಾಲೂಕಿನ ನಮ್ಮ ಇಳಕಲ್ ಆಗಲಿ ಎಲ್ಲವೂ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1880ರ ದಶಕದಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋಯಿತು, ಹೆಸರೂ ಬದಲಾಯಿತು.

ವಾಸುದೇವಾಚಾರ್ಯರಿಗೆ ಹತ್ತು ವರ್ಷ ಆಗಿದ್ದಾಗ 1876-78ರ ಭೀಕರ ಬರ ಬಂತು. ಇಡೀ ದಖನ್ನು ಒಣಗಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಕೆಲವರು ಸತ್ತರು, ಕೆಲವರು ಗುಳೆ ಹೋದರು. ಉಳಿದವರು ಸಾಲ ಮಾಡಿದರು. ಈ ಸಾಲದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರದ ನಂತರ ಬಂದದ್ದು ರೈಲು. ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ಮೇಲೆ ಹಾಯ್ದು ಗದಗಕ್ಕೆ ಹೋಗುವ ಹಳಿ 1880ರ ದಶಕದಲ್ಲೇ ಬಿತ್ತು. ಸರಕಿನ ಜೊತೆ ಅಂಚೆ ಬಂತು, ಅಂಚೆಯ ಜೊತೆ ಪುಸ್ತಕ, ಪತ್ರಿಕೆ ಬಂದವು. ಒಂದು ಮೊಫಸಲ್ ಊರಿನಲ್ಲಿ ಕೂತು ಮುಂಬಯಿ, ಪುಣೆಯ ಓದು ಓದುವುದು ಈ ತಲೆಮಾರಿಗೆ ಮೊದಲ ಸಲ ಸಾಧ್ಯವಾಯಿತು. ವಾಸುದೇವಾಚಾರ್ಯರು ಇಂಗ್ಲಿಷ್ ಕಲಿತರು, ಕಾನೂನು ಓದಿದರು, ಬಾಗಲಕೋಟೆಯಲ್ಲಿ ವಕೀಲಿ ಶುರು ಮಾಡಿದರು.

ಮೂರು ಬಾಗಿಲು

ಆ ಕಾಲದ ಕನ್ನಡ ಓದುಗರ ಸ್ಥಿತಿ ಹೇಗಿತ್ತು ಅಂತ ಒಮ್ಮೆ ಯೋಚಿಸಿ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಶಾಲೆಯ ಭಾಷೆ ಮರಾಠಿ. ಡೆಪ್ಯುಟಿ ಚೆನ್ನಬಸಪ್ಪನವರಂಥ ಅಧಿಕಾರಿಗಳು ಹಟ ಹಿಡಿದು ಕನ್ನಡ ಶಾಲೆ ತೆರೆದದ್ದರಿಂದ ಅದು ನಿಧಾನಕ್ಕೆ ಬದಲಾಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆದರೆ ಶಾಲೆ ಕನ್ನಡದ್ದಾದ ಮಾತ್ರಕ್ಕೆ ಮನರಂಜನೆ ಕನ್ನಡದ್ದಾಗಲಿಲ್ಲ. ಅಕ್ಷರ ಬಲ್ಲವನಿಗೆ ರಾತ್ರಿ ಲಾಟೀನಿನ ಬೆಳಕಲ್ಲಿ ಬಿಡದೆ ಓದಿಸಿಕೊಂಡು ಹೋಗುವ ಪುಸ್ತಕ ಬೇಕು ಅನ್ನಿಸಿದರೆ ಮರಾಠಿಗೇ ಹೋಗಬೇಕಿತ್ತು. ನಾಟಕ ಬೇಕು ಅಂದರೂ ಅಷ್ಟೇ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಮೆರೆದದ್ದು ಅವರ ಮರಾಠಿ ಶಾಕುಂತಲ.

ನಮ್ಮೂರಿನ ಸೀರೆಯ ಕಥೆಯನ್ನೇ ತಗೊಳ್ಳಿ. ಇಳಕಲ್ ಸೀರೆ ಮಹಾರಾಷ್ಟ್ರದ ಮನೆಮನೆಗೆ ಹೋಗಿ ಅಲ್ಲಿ ಇರಕಲ್ ಅಂತಾಯಿತು. ಸರಕು ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು, ಕಥೆ ಅಲ್ಲಿಂದ ಇಲ್ಲಿಗೆ ಬರುತ್ತಿತ್ತು.

ಈ ಕೊರತೆ ತುಂಬಲು ಆ ತಲೆಮಾರಿನ ಓದುಗರು ಮೂರು ಬಾಗಿಲು ತೆರೆದರು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ತಂದರು. ಅವರ ದುರ್ಗೇಶನಂದಿನಿ 1885ರಲ್ಲಿ ಬಂತು. ಹಾವೇರಿ ಸೀಮೆಯಲ್ಲಿ ಗಳಗನಾಥರು, ಅಂದರೆ ವೆಂಕಟೇಶ ತಿರಕೊ ಕುಲಕರ್ಣಿ, ಮರಾಠಿಯ ಹರಿ ನಾರಾಯಣ ಆಪ್ಟೆಯವರನ್ನು ತಂದರು. ಶಾಲಾ ಮಾಸ್ತರರಾಗಿದ್ದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ನಮ್ಮ ಕಡೆ ಇವತ್ತಿಗೂ ಹೇಳುವ ಮಾತು. ಮೂರನೆಯ ಬಾಗಿಲು ಇಂಗ್ಲಿಷಿನದ್ದು. ಬಾಗಲಕೋಟೆಯಲ್ಲಿ ಅದನ್ನು ತೆರೆದು ಹಿಡಿದವರು ವಾಸುದೇವಾಚಾರ್ಯರು.

ಇಂಗ್ಲಿಷ್ ಬಂದವರು ಆಗಲೂ ಇದ್ದರು. ಕೋರ್ಟು, ಕಂದಾಯ ಕಚೇರಿ, ರೈಲ್ವೆಯಲ್ಲಿ ಅವರಿಗೆ ಕೆಲಸ ಸಿಗುತ್ತಿತ್ತು. ಓದಿದ ಇಂಗ್ಲಿಷ್ ಕಥೆ ಅವರ ದರ್ಜೆಯ ಗುರುತಾಗಿ ಉಳಿಯುತ್ತಿತ್ತು. ನಾನು ಇಂಜಿನಿಯರಿಂಗ್ ಓದುವಾಗಿನ ಹಾಸ್ಟೆಲ್ಲೂ ಹಂಗೇ ಇತ್ತು: ಕೈಯಲ್ಲಿ ಯಾವ ಇಂಗ್ಲಿಷ್ ಪೇಪರ್‌ಬ್ಯಾಕ್ ಇದೆ ಅನ್ನೋದರ ಮೇಲೆ ನೀನು ಯಾವ ಊರಿನವನು, ಯಾವ ಸ್ಕೂಲಿನವನು ಅಂತ ಜನ ಅಳೆಯುತ್ತಿದ್ದರು. ನೂರು ವರ್ಷಕ್ಕೂ ಹಿಂದೆ, ಇದೇ ಸೀಮೆಯಲ್ಲಿ, ಅದಕ್ಕಿಂತ ದೊಡ್ಡ ಅಂತರದ ನಡುವೆ ವಾಸುದೇವಾಚಾರ್ಯರು ತಮ್ಮ ಓದನ್ನು ಹಂಚಲು ಕೂತರು ಅನ್ನೋದು ಸಣ್ಣ ಮಾತಲ್ಲ.

ಸಾಲದ ಪತ್ರ ಮತ್ತು ಸೂರತ್

ಅವರು ಇಂಗ್ಲಿಷಿನಿಂದ ಏನೇನು ಆರಿಸಿಕೊಂಡರು ಅನ್ನೋದರಲ್ಲೇ ಅವರ ರುಚಿ ಕಾಣುತ್ತದೆ. ಶೇಕ್ಸ್‌ಪಿಯರ್‌ನ ಮೂರು ನಾಟಕ: ಮರ್ಚೆಂಟ್ ಆಫ್ ವೆನಿಸ್, ಎ ಮಿಡ್‌ಸಮರ್ ನೈಟ್ಸ್ ಡ್ರೀಮ್, ರೋಮಿಯೋ ಅಂಡ್ ಜೂಲಿಯೆಟ್. ಜೊತೆಗೆ ಗೋಲ್ಡ್‌ಸ್ಮಿತ್‌ನ ಷಿ ಸ್ಟೂಪ್ಸ್ ಟು ಕಾಂಕರ್. ಕನ್ನಡದಲ್ಲಿ ಇವು ಕ್ರಮವಾಗಿ ಸುರತನಗರದ ಶ್ರೇಷ್ಠಿ, ವಸಂತಯಾಮಿನಿ ಸ್ವಪ್ನಚಮತ್ಕಾರ, ರಮೇಶ-ಲಲಿತಾ ಮತ್ತು ಪತಿವಶೀಕರಣ ಆದವು. ಹ್ಯಾಮ್ಲೆಟ್, ಮ್ಯಾಕ್‌ಬೆತ್‌ನಂಥ ಗಂಭೀರ ದುರಂತಗಳಿಗೆ ಅವರು ಕೈ ಹಾಕಲಿಲ್ಲ ನೋಡಿ. ಪ್ರೀತಿ, ಮದುವೆ, ವೇಷ ಮರೆಸುವುದು, ಗೊಂದಲ, ಕೋರ್ಟು: ಜನ ಬಾಯಿ ತೆರೆದು ನೋಡುವಂಥ ಕಥೆಗಳನ್ನೇ ಆರಿಸಿದರು. ಪಾಂಡಿತ್ಯ ತೋರಿಸುವ ಆಸೆ ಇದ್ದವರ ಪಟ್ಟಿ ಹೀಗಿರುವುದಿಲ್ಲ. ಕಥೆಯ ಹುಚ್ಚು ಹಿಡಿದ ಓದುಗನ ಪಟ್ಟಿ ಇದು.

ಈ ಪಟ್ಟಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡೋದು ಸುರತನಗರದ ಶ್ರೇಷ್ಠಿ. ವೆನಿಸ್ ಹೋಗಿ ಸೂರತ್ ಬಂತು. ಆಯ್ಕೆ ಎಷ್ಟು ಜಾಣತನದ್ದು ಅಂದ್ರೆ, ಸೂರತ್ ಮೊಘಲರ ಕಾಲದ ದೊಡ್ಡ ಬಂದರು, ಹಡಗು ವ್ಯಾಪಾರಿಗಳ ನಗರ, ಈಸ್ಟ್ ಇಂಡಿಯಾ ಕಂಪನಿ ಹದಿನೇಳನೆಯ ಶತಮಾನದ ಆರಂಭದಲ್ಲೇ ಕೋಠಿ ತೆರೆದ ಜಾಗ. ಸಮುದ್ರವನ್ನೇ ನೋಡದ ಬಾಗಲಕೋಟೆಯ ಪ್ರೇಕ್ಷಕನಿಗೂ ಸೂರತ್‌ನ ಸಾಹುಕಾರ ಅಂದರೆ ಒಂದು ಚಿತ್ರ ಕಣ್ಣಿಗೆ ಬರುತ್ತದೆ. ವೆನಿಸ್ ಅಂದರೆ ಬರುವುದಿಲ್ಲ.

ಆದರೆ ಆ ನಾಟಕದ ಹೊಟ್ಟೆಯಲ್ಲಿರುವುದು ಒಂದು ಸಾಲದ ಪತ್ರ. ದುಡ್ಡು ಕೊಟ್ಟವನು ಪತ್ರದಲ್ಲಿ ಬರೆದ ಅಕ್ಷರಕ್ಕೆ ಸರಿಯಾಗಿ ಮಾಂಸ ಕೇಳುತ್ತಾನೆ; ಕೋರ್ಟು ಅಕ್ಷರವನ್ನು ಎತ್ತಿಹಿಡಿಯಬೇಕೋ ನ್ಯಾಯವನ್ನೋ ಅನ್ನೋದು ಪ್ರಶ್ನೆ. ಇದನ್ನು ಓದುತ್ತಿರುವವರು ಬರದ ಜಿಲ್ಲೆಯ ಒಬ್ಬ ವಕೀಲರು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನೇ ಹುಡುಕಿ ಸುಟ್ಟರು. ಅದರ ಬಿಸಿಗೆ 1879ರಲ್ಲಿ ಸರ್ಕಾರ ದಖನ್ ರೈತರ ಪರಿಹಾರ ಕಾಯ್ದೆ ತಂದು, ಪತ್ರದ ಹಿಂದೆ ನಿಜವಾಗಿ ನಡೆದ ವ್ಯವಹಾರ ಏನು ಅಂತ ನೋಡುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಅಂದರೆ ಪತ್ರ ದೊಡ್ಡದೋ ನ್ಯಾಯ ದೊಡ್ಡದೋ ಅನ್ನೋದು ಈ ಪ್ರಾಂತ್ಯದ ವಕೀಲರಿಗೆ ವೆನಿಸ್‌ನ ಪ್ರಶ್ನೆ ಆಗಿರಲಿಲ್ಲ. ದಿನಾ ಕಕ್ಷಿದಾರನ ಗಂಟಿನಿಂದ ಹೊರಬರುವ ಪ್ರಶ್ನೆ ಅದು. ಆ ನಾಟಕ ಅವರನ್ನು ಹಿಡಿದದ್ದು ಇದಕ್ಕೇ ಅಂತ ನಾನು ಓದಿಕೊಳ್ಳುತ್ತೇನೆ.

ಇಲ್ಲೇ ಒಂದು ಮುಳ್ಳೂ ಇದೆ. ಶೇಕ್ಸ್‌ಪಿಯರ್‌ನ ಸಾಹುಕಾರ ಯಹೂದಿ. ಅವನ ಮೇಲಿನ ಸಿಟ್ಟಿನಲ್ಲಿ ಬಡ್ಡಿಯ ಸಿಟ್ಟು ಎಷ್ಟು, ಜನಾಂಗದ ದ್ವೇಷ ಎಷ್ಟು ಅಂತ ಬಿಡಿಸೋದು ಕಷ್ಟ. ಅಂಥ ಕಥೆಯನ್ನು ಬೇರೆ ನೆಲಕ್ಕೆ ತಂದಾಗ ದ್ವೇಷಕ್ಕೂ ಹೊಸ ವಿಳಾಸ ಬೇಕಾಗುತ್ತದೆ. ರೂಪಾಂತರ ಅನ್ನೋದು ಬರೀ ಹೆಸರು ಬದಲಾಯಿಸುವ ಕೆಲಸ ಆಗಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಇವತ್ತು ಯಾರಾದರೂ ಈ ನಾಟಕವನ್ನು ಮತ್ತೆ ಆಡಿಸಿದರೆ ಮೊದಲು ಎದುರಿಸಬೇಕಾದ ಪ್ರಶ್ನೆ ಇದೇ.

ಓದಲು ಬಾರದವರಿಗೆ ಓದು

1901ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಐದು ಮಂದಿ ಚಿಲ್ಲರೆ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಈ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕನ್ನಡದ ಮೊದಲ ಕಾದಂಬರಿಗಳ ಓದುಗರು ಯಾರು ಅಂತ ಗೊತ್ತಾಗುತ್ತದೆ. ಬಹುಪಾಲು ಮೇಲ್ಜಾತಿಯ ಗಂಡಸರು, ನೌಕರಿಯಲ್ಲಿದ್ದವರು. ಬರೆದವರೂ ಅವರೇ, ಓದಿದವರೂ ಅವರೇ. ವಾಸುದೇವಾಚಾರ್ಯರು ಈ ವಲಯದ ಹೊರಗಿನವರಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ಆದರೆ ನಾಟಕ ಈ ಗೋಡೆಯನ್ನು ಸ್ವಲ್ಪ ಒಡೆಯಿತು. ನಾಟಕ ನೋಡೋಕೆ ಅಕ್ಷರ ಬೇಕಿಲ್ಲ. ಗದಗದಲ್ಲಿ ಶಾಂತಕವಿಗಳು ಮರಾಠಿ ಕಂಪನಿಗಳಿಗೆ ಎದುರಾಗಿ ಕನ್ನಡ ನಾಟಕ ಮಂಡಳಿ ಕಟ್ಟಿದ ದಾರಿ ಆಗಲೇ ಇತ್ತು. ಬಾಗಲಕೋಟೆಯಲ್ಲಿ ವಾಸುದೇವ ವಿನೋದಿನಿ ನಾಟ್ಯಸಭಾ ಅನ್ನೋ ಹವ್ಯಾಸಿ ತಂಡ ವಾಸುದೇವಾಚಾರ್ಯರ ಹೆಸರಿನ ಜೊತೆ ಬೆಸೆದುಕೊಂಡಿತು. ಪುಸ್ತಕ ಕೊಳ್ಳಲಾಗದ, ಕೊಂಡರೂ ಓದಲಾಗದ ಮನುಷ್ಯ ಕೂಡ ರಮೇಶ ಲಲಿತೆಯರ ಪ್ರೇಮಕ್ಕೆ ಕಣ್ಣೀರು ಹಾಕಬಹುದಿತ್ತು. ಅವನಿಗೆ ಶೇಕ್ಸ್‌ಪಿಯರ್ ಅನ್ನೋ ಹೆಸರು ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಒಬ್ಬರ ಇಂಗ್ಲಿಷ್ ಓದು ಹೀಗೆ ಒಂದು ಊರಿನ ಕಥೆಯಾಯಿತು.

ಇಳಕಲ್ ಸೀರೆಯ ನೇಯ್ಗೆ ಬಲ್ಲವರಿಗೆ ಇದನ್ನು ಬೇಗ ವಿವರಿಸಬಹುದು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಗೆ ಕುಣಿಕೆ ಹಾಕಿ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಕೊಂಡಿ ಗಟ್ಟಿ ಇಲ್ಲದಿದ್ದರೆ ಸೆರಗು ಎಷ್ಟು ಚೆಂದ ಇದ್ದರೂ ಸೀರೆ ನಿಲ್ಲುವುದಿಲ್ಲ. ವಾಸುದೇವಾಚಾರ್ಯರು ಮಾಡಿದ್ದು ಕೊಂಡಿಯ ಕೆಲಸ.

ಕಾದಂಬರಿ, ಕಥೆ, ಪತ್ರಿಕೆ

ರೂಪಾಂತರದಲ್ಲೇ ನಿಂತಿದ್ದರೆ ಅವರು ಒಳ್ಳೆಯ ಅನುವಾದಕ ಅನ್ನಿಸಿಕೊಂಡು ಮುಗಿಯುತ್ತಿದ್ದರು. ಅವರು ನಿಲ್ಲಲಿಲ್ಲ. 1908ರಲ್ಲಿ ಇಂದಿರೆ ಅನ್ನೋ ಸಾಮಾಜಿಕ ಕಾದಂಬರಿ ಬಂತು. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಮಂಗಳೂರಿನ ಕಡೆ ಬಂದದ್ದು. ಹೆಸರು ಹತ್ತಿರ ಇದೆ ಅಂತ ಎರಡನ್ನೂ ಕಲಸಿಕೊಳ್ಳಬೇಡಿ. ಆದರೆ ಕರಾವಳಿಯಲ್ಲಿ ಒಬ್ಬರು, ಬಯಲುಸೀಮೆಯಲ್ಲಿ ಇನ್ನೊಬ್ಬರು, ಹತ್ತು ವರ್ಷದ ಅಂತರದಲ್ಲಿ, ರಾಜ ರಾಣಿಯರ ಕಥೆ ಬಿಟ್ಟು ತಮ್ಮ ಕಾಲದ ಹೆಣ್ಣಿನ ಹೆಸರನ್ನು ಪುಸ್ತಕದ ಮೇಲೆ ಬರೆದರು ಅನ್ನೋದು ಗಮನಿಸಬೇಕಾದ ಸಂಗತಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಓದಲು ಬಾರದ ಕಾಲದಲ್ಲಿ ಕನ್ನಡ ಸಾಮಾಜಿಕ ಕಾದಂಬರಿ ಹೆಣ್ಣಿನ ಹೆಸರಿಂದ ಶುರುವಾಯಿತು.

ಚರಿತ್ರೆಯನ್ನೂ ಅವರು ಬಿಡಲಿಲ್ಲ. ಯದುಮಹಾರಾಜ ಇದೆ, ಭ್ರಾತೃಘಾತಕನಾದ ಔರಂಗಜೇಬ ಇದೆ. ಎರಡನೆಯದರ ಹೆಸರು ವಕೀಲರು ಬರೆದ ಆರೋಪಪಟ್ಟಿಯಂತೆಯೇ ಇದೆ. ಔರಂಗಜೇಬ 1659ರಲ್ಲಿ ಅಣ್ಣ ದಾರಾ ಶಿಕೋಹ್‌ನನ್ನು ಕೊಲ್ಲಿಸಿದ್ದು, 1686ರಲ್ಲಿ ವಿಜಾಪುರದ ಆದಿಲಶಾಹಿಯನ್ನು ಮುಗಿಸಿದ್ದು ಚರಿತ್ರೆ. ನಮ್ಮ ಜಿಲ್ಲೆಯ ಓದುಗರಿಗೆ ಈತ ದೂರದ ದೊರೆ ಅಲ್ಲ. ಆದರೆ ಬಂಕಿಮರಿಂದ ಆಪ್ಟೆಯವರವರೆಗೆ ಆ ಕಾಲದ ಐತಿಹಾಸಿಕ ಕಾದಂಬರಿಗೆ ಒಂದು ಅಚ್ಚು ಸಿದ್ಧವಾಗಿತ್ತು: ಕಳೆದುಹೋದ ಹಿಂದೂ ವೈಭವ, ಎದುರಿಗೆ ಮುಸ್ಲಿಂ ದೊರೆ. ಬ್ರಿಟಿಷರನ್ನು ನೇರವಾಗಿ ಬೈಯಲಾಗದ ಕಾಲದಲ್ಲಿ ದೇಶಪ್ರೇಮ ಹಳೆಯ ಕಾಲದ ವೇಷ ಹಾಕಿಕೊಂಡು ಬಂತು ಅನ್ನೋದು ನಿಜ. ಆ ವೇಷ ನಂತರವೂ ಕಳಚಲಿಲ್ಲ, ಅದರ ಬೆಲೆಯನ್ನು ನಾವು ಇವತ್ತು ಪ್ರತಿ ಚುನಾವಣೆಯಲ್ಲಿ ಕೊಡುತ್ತಿದ್ದೇವೆ ಅನ್ನೋದೂ ಅಷ್ಟೇ ನಿಜ. ಕಾದಂಬರಿ ರಜೆಯ ಬಾಬತ್ತು ಅನ್ನುವವರಿಗೆ ನನ್ನ ಉತ್ತರ ಇದು. ಜನರ ಮನಸ್ಸಿನಲ್ಲಿ ಚರಿತ್ರೆ ಕೂತದ್ದು ಪಠ್ಯಪುಸ್ತಕದಿಂದ ಎಷ್ಟೋ, ಕಾದಂಬರಿ ನಾಟಕಗಳಿಂದ ಅದಕ್ಕಿಂತ ಹೆಚ್ಚು.

ಸಣ್ಣಕಥೆಯ ಕಡೆ ಬಂದರೆ ವಾಸುದೇವಾಚಾರ್ಯರ ಪಾಲು ಇನ್ನೂ ಸ್ಪಷ್ಟ. ಕನ್ನಡ ಸಣ್ಣಕಥೆ ಅಂದ ತಕ್ಷಣ ನಾವು 1920ರಲ್ಲಿ ಬಂದ ಮಾಸ್ತಿಯವರ ಕೆಲವು ಸಣ್ಣ ಕತೆಗಳು ಸಂಕಲನಕ್ಕೆ ಹೋಗುತ್ತೇವೆ. ಅದಕ್ಕೂ ಮೊದಲೇ ಕರಾವಳಿಯಲ್ಲಿ ಪಂಜೆ ಮಂಗೇಶರಾಯರು, ಇಲ್ಲಿ ವಾಸುದೇವಾಚಾರ್ಯರು ಕಥೆ ಬರೆಯುತ್ತಿದ್ದರು. ತೊಳೆದ ಮುತ್ತು, ಬೆಳಗಿದ ದೀಪಗಳು ಅನ್ನೋ ಸಂಕಲನಗಳಲ್ಲಿ ಇವರ ಕಥೆಗಳಿವೆ.

ಕಥೆ ಬರೆದರೆ ಸಾಲದು, ಅಚ್ಚಾಗಲು ಜಾಗ ಬೇಕು. ಅದಕ್ಕೆ ಪತ್ರಿಕೆಗೂ ಇಳಿದರು. ಶುಭೋದಯ ಅನ್ನೋ ವಾರಪತ್ರಿಕೆಯನ್ನು, 1913ರಲ್ಲಿ ಶುರುವಾದ ಸಚಿತ್ರ ಭಾರತ ಅನ್ನೋ ಮಾಸಪತ್ರಿಕೆಯನ್ನು ನಡೆಸಿದರು. ಚಿತ್ರವಿರುವ ಪತ್ರಿಕೆ ಅಂದರೆ ಪ್ರತಿ ಚಿತ್ರಕ್ಕೂ ಬೇರೆ ಬ್ಲಾಕು ಮಾಡಿಸಬೇಕು, ಪ್ರತಿ ಬ್ಲಾಕಿಗೂ ದುಡ್ಡು ಸುರಿಯಬೇಕು. ಮೇಲೆ 1910ರ ಪ್ರೆಸ್ ಕಾಯ್ದೆ ತಲೆಯ ಮೇಲಿನ ಕತ್ತಿ: ಸರ್ಕಾರಕ್ಕೆ ಸಿಟ್ಟು ಬಂದರೆ ಠೇವಣಿ ಕೇಳಬಹುದು, ಮುಟ್ಟುಗೋಲು ಹಾಕಿಕೊಳ್ಳಬಹುದು. ಚಂದಾದಾರರನ್ನು ನಂಬಿ ಸಣ್ಣ ಮಾಧ್ಯಮ ನಡೆಸುವ ಕಷ್ಟ ನಮ್ಮಂಥ ವೆಬ್‌ಸೈಟ್‌ನವರಿಗೆ ಹೊಸದು ಅಂತ ಅನ್ನಿಸುತ್ತಿದ್ದರೆ ಈ ಪತ್ರಿಕೆಗಳನ್ನು ನೆನೆಸಿಕೊಳ್ಳಬೇಕು. ರಾಜಕೀಯ ಸುದ್ದಿಗೆ ಒಂದು ಪತ್ರಿಕೆ, ಕಥೆಗೆ ಇನ್ನೊಂದು ವೃತ್ತಿ ಅಂತ ಅವರು ಬದುಕನ್ನು ಪಾಲು ಮಾಡಿಕೊಳ್ಳಲಿಲ್ಲ. ಬೆಳಗ್ಗೆ ಕೋರ್ಟು, ಆಮೇಲೆ ಸಂಪಾದಕೀಯ, ಕಾದಂಬರಿ, ನಾಟಕ: ಓದುಗರನ್ನು ತಯಾರು ಮಾಡುವ ಒಂದೇ ಕೆಲಸದ ಬೇರೆ ಬೇರೆ ಕಂತುಗಳಿದ್ದಂತೆ ಇವು.

ಮುಳುಗಿದ ಊರು, ಉಳಿದ ಪುಸ್ತಕ

1921ರಲ್ಲಿ, ಐವತ್ತೈದು ದಾಟುವ ಮೊದಲೇ, ಅವರು ತೀರಿಕೊಂಡರು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ಆರು ವರ್ಷ ಆಗಿತ್ತು. ನವೋದಯ ಅನ್ನೋ ದೊಡ್ಡ ಅಲೆ ಇನ್ನೇನು ಬರುವುದರಲ್ಲಿತ್ತು. ಅದು ಬಂದ ಮೇಲೆ ಅದಕ್ಕೂ ಮುಂಚಿನವರು ಅಡಿಟಿಪ್ಪಣಿಗಳಾದರು. ಬೇಂದ್ರೆ, ಕುವೆಂಪು, ಕಾರಂತ, ಮಾಸ್ತಿ ಓದುವ ಓದುಗರು ಎಲ್ಲಿಂದ ಬಂದರು ಅಂತ ನಾವು ಕೇಳುವುದಿಲ್ಲ. ಅವರು ತಾನೇ ಹುಟ್ಟಲಿಲ್ಲ. ಗಳಗನಾಥರ ಪುಸ್ತಕದ ಗಂಟಿನಿಂದ, ವೆಂಕಟಾಚಾರ್ಯರ ಬಂಗಾಳಿ ಅನುವಾದದಿಂದ, ವಾಸುದೇವಾಚಾರ್ಯರ ನಾಟಕದ ಪರದೆಯ ಮುಂದಿನಿಂದ ಎದ್ದು ಬಂದರು.

ಅವರು ಬದುಕಿದ ಬಾಗಲಕೋಟೆಯ ಒಂದು ಭಾಗ ಇವತ್ತು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿದೆ. ಊರು ನವನಗರಕ್ಕೆ ಎದ್ದು ಹೋಗಿದೆ. ಅಣೆಕಟ್ಟಿನ ಎತ್ತರ 519ರಿಂದ 524 ಮೀಟರಿಗೆ ಏರಬೇಕೋ ಬೇಡವೋ ಅನ್ನೋ ಜಗಳ ನಡೆದೇ ಇದೆ. ಮುಳುಗಡೆಯ ಪರಿಹಾರದ ಲೆಕ್ಕದಲ್ಲಿ ಮನೆ ಬರುತ್ತದೆ, ಹೊಲ ಬರುತ್ತದೆ, ಗಿಡ ಬರುತ್ತದೆ. ಒಂದು ಊರಿನ ಓದಿನ ನೆನಪು ಯಾವ ಸರ್ವೆ ನಂಬರಿನಲ್ಲೂ ಬರುವುದಿಲ್ಲ.

ಅದನ್ನು ಉಳಿಸೋದು ಸರ್ಕಾರದ ಕೈಯಲ್ಲಿ ಮಾತ್ರ ಇಲ್ಲ. ಭಾರತದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ ವಾಸುದೇವಾಚಾರ್ಯರು ಬರೆದದ್ದು ಎಂದೋ ಎಲ್ಲರದ್ದಾಗಿದೆ. ಯಾರನ್ನೂ ಕೇಳದೆ ಟೈಪ್ ಮಾಡಿ ಹಾಕಬಹುದು, ಓದಿ ಆಡಿಯೊ ಮಾಡಬಹುದು, ಕಾಲೇಜಿನ ರಂಗದ ಮೇಲೆ ಸುರತನಗರದ ಶ್ರೇಷ್ಠಿಯನ್ನು ಆಡಿಸಿ ಆ ಸಾಲದ ಪತ್ರಕ್ಕೆ ಇವತ್ತಿನ ಮೈಕ್ರೋಫೈನಾನ್ಸ್ ಕಂಪನಿಯ ಮುಖ ಕೊಡಬಹುದು. ನಮ್ಮ ಹಳ್ಳಿಗಳಲ್ಲಿ ಪತ್ರ ದೊಡ್ಡದೋ ನ್ಯಾಯ ದೊಡ್ಡದೋ ಅನ್ನೋ ಪ್ರಶ್ನೆ ಇನ್ನೂ ಮುಗಿದಿಲ್ಲ ತಾನೇ?

ನೀವು ಕೊರಿಯಾದ್ದೋ, ನೈಜೀರಿಯಾದ್ದೋ, ಕೊಲಂಬಿಯಾದ್ದೋ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಓದಿ ಮೆಚ್ಚಿದ್ದರೆ ಒಳ್ಳೆಯದೇ. ಮುಂದಿನ ಸಲ ಓದಿ ಮುಗಿಸಿದಾಗ, ಇಂಗ್ಲಿಷ್ ಬಾರದ ನಿಮ್ಮ ಅವ್ವನಿಗೋ, ಮಗ್ಗದ ಮನೆಯಲ್ಲಿ ಕೆಲಸ ಮಾಡುವ ಕಾಕಾನಿಗೋ ಆ ಕಥೆಯನ್ನು ಕನ್ನಡದಲ್ಲಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರಿ, ವೆನಿಸ್ ಬದಲು ಯಾವ ಊರು ಬೇಕಾಗುತ್ತದೆ ಅಂತ ಆಗ ಗೊತ್ತಾಗುತ್ತದೆ. ಬಾಗಲಕೋಟೆಯ ವಕೀಲರ ಕೆಲಸ ಶುರುವಾದದ್ದು ಅಲ್ಲಿಂದಲೇ.